ಲಾ ಮೊನೆದಾದ ಪಕ್ಕದ ಬಾಗಿಲು

ಶನಿವಾರ

ಚಿಲಿಯ ರಾಜಧಾನಿ ಸ್ಯಾಂಟಿಯಾಗೊ ಏರ್‌ಪೋರ್ಟ್‌ನಲ್ಲಿ ಪಾಸ್‌ಪೋರ್ಟ್ ಕೌಂಟರ್ ಬೇಗ ಮುಗಿಯಿತು. ಹೊತ್ತು ಹಿಡಿದದ್ದು ಕೃಷಿ ತಪಾಸಣೆ. ಹಣ್ಣು, ಬೀಜ, ಹಸಿ ತರಕಾರಿ ಏನನ್ನೂ ಸುಮ್ನೆ ಒಳಗೆ ಬಿಡೋದಿಲ್ಲ ಈ ದೇಶದವರು. ಒಂದು ಕಡೆ ಆಂಡಿಸ್ ಬೆಟ್ಟ, ಇನ್ನೊಂದು ಕಡೆ ಪೆಸಿಫಿಕ್ ಸಮುದ್ರ, ಮೇಲೆ ಅಟಕಾಮಾ ಮರುಭೂಮಿ. ಹೊರಗಿನ ಹುಳ ರೋಗ ಸುಲಭಕ್ಕೆ ಒಳಗೆ ಬರೋಕಾಗಲ್ಲ, ಅದನ್ನು ಹಾಗೇ ಉಳಿಸಿಕೊಳ್ಳಬೇಕು ಅನ್ನೋದು ಅವರ ಹಠ. ಅಕ್ಕ ಮೊದಲೇ ಫೋನಿನಲ್ಲಿ ಹೇಳಿದ್ದಳು, "ಎಲ್ಲಾ ಫಾರಂನಲ್ಲಿ ಬರೆದುಬಿಡೇ, ಮುಚ್ಚಿಟ್ಟರೆ ದಂಡ ಹಾಕ್ತಾರೆ" ಅಂತ. ಬರೆದೆ. ಸಾರಿನ ಪುಡಿ, ಹುಳಿ ಪುಡಿ, ಮೆಂತ್ಯದ ಹಿಟ್ಟು ಎಲ್ಲವನ್ನೂ ಮೂಸಿ ನೋಡಿ ವಾಪಸ್ ಕೊಟ್ಟರು. ಹುಣಸೆಹಣ್ಣಿನಲ್ಲಿ ಬೀಜ ಕಾಣಿಸಿತು, ಅದು ಮಾತ್ರ ಅಲ್ಲೇ ಉಳಿಯಿತು.

ಭಾವ ತಾಮ್ರದ ಗಣಿಗಳಿಗೆ ಸಾಫ್ಟ್‌ವೇರ್ ಮಾಡುವ ಕೆಲಸದಲ್ಲಿದ್ದಾರೆ. ಜಗತ್ತಿನ ತಾಮ್ರದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಚಿಲಿಯದೇ, ಹಾಗಾಗಿ ಕೆಲಸಕ್ಕೆ ಬರವಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಕಾರು ಓಡಿಸುತ್ತಾ ಕೇಳಿದರು, "ಎಲ್ಲರೂ ಪಟಗೋನಿಯಾ ನೋಡಬೇಕು ಅಂತಾರೆ, ವೈನ್ ತೋಟ ನೋಡಬೇಕು ಅಂತಾರೆ. ನಿನಗೆ ಸರ್ಕಾರಿ ಆಫೀಸು ನೋಡೋ ಆಸೆ ಯಾಕಮ್ಮಾ?"

ಪ್ರಶ್ನೆ ಸರಿಯಾಗೇ ಇದೆ. ಲಾ ಮೊನೆದಾ ಅರಮನೆ ಇವತ್ತಿಗೂ ಚಿಲಿ ಅಧ್ಯಕ್ಷರ ಕಚೇರಿ. ನಾನು ಅದನ್ನು ಮೊದಲು ನೋಡಿದ್ದು ಕಪ್ಪು ಬಿಳುಪಿನ ತುಣುಕೊಂದರಲ್ಲಿ. 1973ರ ಸೆಪ್ಟೆಂಬರ್ 11, ಚಿಲಿಯಲ್ಲಿ ಸೇನೆ ದಂಗೆ ಎದ್ದ ದಿನ. ಕಟ್ಟಡದ ಕಿಟಕಿಗಳಿಂದ ಹೊಗೆ ಏಳುತ್ತಿದೆ, ಮೇಲೆ ವಿಮಾನ ಹಾದುಹೋಗುತ್ತದೆ. ಒಂದು ದೇಶದ ವಾಯುಪಡೆ ತನ್ನದೇ ಅಧ್ಯಕ್ಷರ ಕಚೇರಿಗೆ ರಾಕೆಟ್ ಹಾರಿಸುವುದು ಅಂದರೇನು? ಅದಾದ ಮೇಲೆ ಆ ಕಟ್ಟಡಕ್ಕೆ ಏನಾಯಿತು, ಯಾರು ರಿಪೇರಿ ಮಾಡಿದರು, ಏನನ್ನು ಮುಚ್ಚಿದರು, ಏನನ್ನು ತೋರಿಸುತ್ತಾರೆ? ಇದು ನೋಡಬೇಕಿತ್ತು. ಪಟಗೋನಿಯಾ ಎಲ್ಲೂ ಓಡಿಹೋಗಲ್ಲ.

ಒಳಗೆ ಹೋಗಲು ಮೊದಲೇ ಬುಕ್ ಮಾಡಬೇಕು. ಹಣವಿಲ್ಲ, ಆದರೆ ಹೆಸರು, ಪಾಸ್‌ಪೋರ್ಟ್ ನಂಬರ್ ಎಲ್ಲಾ ಮುಂಚೆ ಕಳಿಸಿರಬೇಕು. ಅಕ್ಕ ಸೋಮವಾರಕ್ಕೆ ಮಾಡಿಸಿಟ್ಟಿದ್ದಳು. ಅವಳ ಮಗಳು ಪುಟ್ಟಿಗೆ ಶಾಲೆಗೆ ರಜೆ ಹಾಕಿಸುವ ಪ್ಲಾನೂ ಆಗಿತ್ತು. ಸ್ಪ್ಯಾನಿಷ್‌ನಲ್ಲಿ ನಮ್ಮೆಲ್ಲರಿಗಿಂತ ಗಟ್ಟಿ ಅವಳೇ.

ಭಾನುವಾರ

ನವೆಂಬರ್ ಅಂದರೆ ಇಲ್ಲಿ ವಸಂತ ಮುಗಿದು ಬೇಸಿಗೆ ಹತ್ತಿರ ಬರೋ ಕಾಲ. ಬೆಳಿಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಟೋಪಿ ಬೇಕು. ರಾತ್ರಿ ಎಂಟಾದರೂ ಬೆಳಕಿರುತ್ತದೆ, ನಿದ್ದೆ ಮಾತ್ರ ನಮ್ಮೂರಿನ ಲೆಕ್ಕದಲ್ಲೇ ಬರುತ್ತಿತ್ತು.

ಮೆಟ್ರೊದಲ್ಲಿ ಹೋದೆವು. ಲಾ ಮೊನೆದಾ ಹೆಸರಿನ ನಿಲ್ದಾಣವೇ ಇದೆ. ಪ್ಲಾಟ್‌ಫಾರಂ ಗೋಡೆಗಳ ಮೇಲೆ ಚಿಲಿಯ ಬೇರೆ ಬೇರೆ ಕಡೆಯ ದೊಡ್ಡ ದೊಡ್ಡ ಚಿತ್ರಗಳು. ಫೋಟೊ ಅಂದುಕೊಂಡಿದ್ದೆ, ಹತ್ತಿರ ಹೋದರೆ ಕುಂಚದ ಕೆಲಸ. ಮೇಲೆ ಬಂದರೆ ಅಲಮೇದಾ, ಊರಿನ ಮುಖ್ಯ ರಸ್ತೆ. ರಸ್ತೆಯ ಆ ಕಡೆ ಮನೆಯಷ್ಟು ದೊಡ್ಡ ಧ್ವಜ, ಈ ಕಡೆ ಹುಲ್ಲು, ನೀರಿನ ಕೊಳ, ಅದರ ಹಿಂದೆ ಅರಮನೆ.

ನಿಜ ಹೇಳಬೇಕಂದರೆ ಮೊದಲು ಅನಿಸಿದ್ದು, ಇಷ್ಟೇನಾ? ಗುಮ್ಮಟ ಇಲ್ಲ, ಗೋಪುರ ಇಲ್ಲ, ಏರಿ ಹೋಗುವ ಮೆಟ್ಟಿಲ ಸಾಲಿಲ್ಲ. ಉದ್ದಕ್ಕೆ ಮಲಗಿರುವ ತಗ್ಗಾದ, ತಿಳಿ ಬಣ್ಣದ ಕಟ್ಟಡ. ಒಂದು ಇಡೀ ಬ್ಲಾಕ್ ತುಂಬಿಕೊಂಡಿದೆ, ಅಷ್ಟೇ. ಸುತ್ತಲಿನ ಸಚಿವಾಲಯಗಳು ಇದಕ್ಕಿಂತ ಎಷ್ಟೋ ಎತ್ತರ. "ಇದು ಹಿಂಭಾಗ ಕಣೇ, ಮುಂಭಾಗ ಆ ಕಡೆ" ಅಂದಳು ಅಕ್ಕ. ಹೌದು, ಅಲಮೇದಾಕ್ಕೆ ಮುಖ ಮಾಡಿದ ಈ ಭಾಗ ಕಟ್ಟಿದ್ದು 1930ರ ಸುಮಾರಿಗೆ. ಹಳೆಯ ಮುಖ ಇರೋದು ಉತ್ತರಕ್ಕೆ.

ತಗ್ಗಾಗಿರೋಕೆ ಕಾರಣ ಇದೆ. ಇದನ್ನು ಅರಮನೆ ಅಂತ ಕಟ್ಟಿದ್ದೇ ಅಲ್ಲ. ಸ್ಪೇನ್ ರಾಜರ ಕಾಲದಲ್ಲಿ ನಾಣ್ಯ ಅಚ್ಚು ಹಾಕುವ ಟಂಕಸಾಲೆಗೆ ಅಂತ ಕಟ್ಟಿದ್ದು. ರೋಮ್‌ನಲ್ಲಿ ಹುಟ್ಟಿದ ಹೋಕಿನ್ ತೊಎಸ್ಕಾ ಅನ್ನುವ ವಾಸ್ತುಶಿಲ್ಪಿ ನಕ್ಷೆ ಮಾಡಿದ. ಮೊದಲು ಮಾಪೊಚೊ ನದಿಯ ಪಕ್ಕ ಶುರು ಮಾಡಿದ್ದರು, ನೆಲದಲ್ಲಿ ನೀರು ಜಿನುಗುತ್ತಿತ್ತು, ಬಿಟ್ಟು ಇಲ್ಲಿಗೆ ಬಂದರು. ಸುಣ್ಣ ಪೊಲ್ಪಾಯಿಕೊದಿಂದ, ಮರಳು ಮಾಯ್ಪೊ ನದಿಯಿಂದ, ಕಲ್ಲು ಪಕ್ಕದ ಸಾನ್ ಕ್ರಿಸ್ತೊಬಾಲ್ ಗುಡ್ಡದಿಂದ, ಮರ ದೂರದ ವಾಲ್ದಿವಿಯಾದಿಂದ, ಕಬ್ಬಿಣದ ಕೆಲಸ ಸ್ಪೇನಿನಿಂದ. ಪದೇ ಪದೇ ಭೂಕಂಪ ಆಗುವ ಊರು, ಹಾಗಾಗಿ ಎತ್ತರ ಕಡಿಮೆ, ಗೋಡೆ ಒಂದು ಮೀಟರಿಗೂ ದಪ್ಪ. ತೊಎಸ್ಕಾ 1799ರಲ್ಲಿ ತೀರಿಕೊಂಡ, ಕಟ್ಟಡ ಬಳಕೆಗೆ ತೆರೆದದ್ದು 1805ರಲ್ಲಿ. ಇಷ್ಟು ಚೆಂದದ ಕೆಲಸ ಮಾಡಿದವನಿಗೆ ಮುಗಿದದ್ದನ್ನು ನೋಡುವ ಭಾಗ್ಯ ಇಲ್ಲ.

ಅಧ್ಯಕ್ಷರು ಇಲ್ಲಿಗೆ ಬಂದಿದ್ದು 1845ರಲ್ಲಿ, ಮನುಯೆಲ್ ಬುಲ್ನೆಸ್ ಕಾಲದಲ್ಲಿ. ಆದರೆ ನಾಣ್ಯದ ಕೆಲಸ ನಿಲ್ಲಲಿಲ್ಲ! 1929ರವರೆಗೂ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಅಚ್ಚಿನ ಯಂತ್ರ. ಎಂಬತ್ತು ವರ್ಷಕ್ಕೂ ಮೀರಿ ಚಿಲಿಯ ಅಧ್ಯಕ್ಷರು ಕಾರ್ಖಾನೆಯ ಜೊತೆ ಒಂದೇ ಸೂರಿನಡಿ ಸಂಸಾರ ಮಾಡಿದ್ದಾರೆ ಅನ್ನೋದು ನನಗೆ ಈ ಕಟ್ಟಡದ ಬಗ್ಗೆ ತುಂಬಾ ಇಷ್ಟವಾದ ಸಂಗತಿ.

ಉತ್ತರದ ಕಡೆಗೆ ಹೋಗಲು ಮೊರಾಂದೆ ಅನ್ನುವ ಪಕ್ಕದ ಬೀದಿ ಹಿಡಿದೆವು. ಅರಮನೆ ಪಕ್ಕ ಬ್ಯಾರಿಕೇಡ್ ಇತ್ತು, ಎದುರಿನ ಫುಟ್‌ಪಾತ್‌ನಲ್ಲೇ ನಡೆದೆವು. ಅರ್ಧ ದಾರಿಯಲ್ಲಿ ಪುಟ್ಟಿ ನಿಂತು ಕೈ ತೋರಿಸಿದಳು, "ಚಿಕ್ಕಮ್ಮ, ಆ ಬಾಗಿಲು ನೋಡಿ, ಸ್ಕೂಲಲ್ಲಿ ಹೇಳಿದಾರೆ." ಕಿಟಕಿಗಳ ಸಾಲಿನ ಮಧ್ಯೆ ಮರದ ಬಾಗಿಲು. ಅರಮನೆಯ ಬಾಗಿಲು ಅಂತ ಯಾರೂ ಹೇಳಲ್ಲ. ಮನೆ ನಂಬರ್ 80. ಅಷ್ಟೇ ನೋಡಿ ಮುಂದೆ ಹೋದೆವು, ಆದರೆ ಇದರ ಕಥೆ ನಾಳೆಗೆ ಇಟ್ಟುಕೊಂಡಿದ್ದೇನೆ.

ಮಧ್ಯಾಹ್ನ ಪ್ಲಾಸಾ ದೆ ಆರ್ಮಾಸ್. ಊರಿನ ಹಳೆಯ ಚೌಕ, ಮಧ್ಯೆ ತಾಳೆ ಮರ, ಚೆಸ್ ಆಡುವವರು, ಮಲಗಿದ ಬೀದಿ ನಾಯಿಗಳು. ಈ ಊರಿನ ಬೀದಿ ನಾಯಿಗಳು ಹೊಟ್ಟೆ ತುಂಬಿದವು, ಯಾರೋ ಚಳಿಗೆ ಸ್ವೆಟರ್ ಕೂಡಾ ಹಾಕಿಸಿರುತ್ತಾರಂತೆ. ಚೌಕದ ಪಕ್ಕದ ಕೆಥೆಡ್ರಲ್‌ನ ಮುಂಭಾಗವೂ ತೊಎಸ್ಕಾನದೇ. ಅಲ್ಲೇ ರಾಷ್ಟ್ರೀಯ ಇತಿಹಾಸ ಮ್ಯೂಸಿಯಂ ಇದೆ, ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ. ಕತ್ತಿ, ಗಾಡಿ, ರಾಜ್ಯಪಾಲರ ಚಿತ್ರ, ಕುರ್ಚಿ. ಬೇಗ ಬೇಗ ನಡೆದೆ. ಕೊನೆಯಲ್ಲಿ ಮಾತ್ರ ನಿಂತುಬಿಟ್ಟೆ. ಗಾಜಿನ ಪೆಟ್ಟಿಗೆಯಲ್ಲಿ ಕನ್ನಡಕದ ಅರ್ಧ. ದಪ್ಪ ಕಪ್ಪು ಚೌಕಟ್ಟು, ಮೂಗಿನ ಹತ್ತಿರ ಮುರಿದಿದೆ, ಗಾಜು ಒಡೆದಿದೆ, ಕೊಳೆ ಹಾಗೇ ಇದೆ. ದಂಗೆಯ ದಿನ ಅಧ್ಯಕ್ಷರಾಗಿದ್ದ ಸಾಲ್ವಡಾರ್ ಅಯೆಂದೆ ಅವರದು. ಅವರು ಸತ್ತ ಮೇಲೆ ಅರಮನೆಯೊಳಗೆ ಒಬ್ಬ ಹೆಂಗಸಿಗೆ ಸಿಕ್ಕಿತ್ತಂತೆ, ವರ್ಷಗಟ್ಟಲೆ ಇಟ್ಟುಕೊಂಡಿದ್ದು ಆಮೇಲೆ ಮ್ಯೂಸಿಯಂಗೆ ಕೊಟ್ಟರು. ಈ ಮ್ಯೂಸಿಯಂ ಹೇಳುವ ಚಿಲಿಯ ಕಥೆ ಆ ಕನ್ನಡಕಕ್ಕೆ ಮುಗಿಯುತ್ತದೆ. 1973. ಮುಂದೆ ಕೋಣೆ ಇಲ್ಲ.

ಹೊರಗೆ ಬಂದು ಗಾಡಿಯಲ್ಲಿ ಸೊಪೈಪಿಯಾ ತಿಂದೆವು. ಕುಂಬಳಕಾಯಿ ಬೆರೆಸಿದ ಹಿಟ್ಟನ್ನು ದುಂಡಗೆ ತಟ್ಟಿ ಎಣ್ಣೆಯಲ್ಲಿ ಕರಿದದ್ದು, ಮೇಲೆ ಟೊಮೇಟೊ, ಈರುಳ್ಳಿ, ಕೊತ್ತಂಬರಿ, ಮೆಣಸಿನಕಾಯಿ ಕೊಚ್ಚಿದ ಪೆಬ್ರೆ. ಸಸ್ಯಾಹಾರಿಗಳಿಗೆ ಸ್ಯಾಂಟಿಯಾಗೊದಲ್ಲಿ ಇದೊಂದು ಆಸರೆ. ಆದರೆ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ, ಕೇಳಿ ತಿನ್ನಿ. ಅಕ್ಕ ಒಬ್ಬ ಗಾಡಿಯವನನ್ನು ಗೊತ್ತುಮಾಡಿಟ್ಟುಕೊಂಡಿದ್ದಾಳೆ.

ಸೋಮವಾರ

ಮೊದಲು ಗಾರ್ಡ್ ಬದಲಾವಣೆ. ದಿನಾ ಇರೋದಿಲ್ಲ, ನಮ್ಮ ಅದೃಷ್ಟಕ್ಕೆ ಅವತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಉತ್ತರದ ಪ್ಲಾಸಾ ದೆ ಲಾ ಕಾನ್ಸ್ತಿತುಸಿಯೋನ್‌ಗೆ ಬ್ಯಾಂಡ್ ಬಂತು, ಹಿಂದೆ ಕುದುರೆಗಳು, ಬಿಳಿ ಕೈಗವಸು, ಹೊಳೆಯುವ ಬೂಟು. ಕಾರಾಬಿನೇರೋಸ್ ಅಂದರೆ ಇಲ್ಲಿನ ರಾಷ್ಟ್ರೀಯ ಪೊಲೀಸ್, ಅರಮನೆ ಕಾವಲು ಅವರದೇ. ಎರಡು ನಾಯಿಗಳು ಬ್ಯಾಂಡಿನ ಮುಂದೆ ಮುಂದೆ ಬಾಲ ಎತ್ತಿಕೊಂಡು ನಡೆದವು, ಯಾರೂ ಓಡಿಸಲಿಲ್ಲ. ಗಂಭೀರ ಮಾರ್ಚ್ ಮುಗಿದ ಮೇಲೆ ಬ್ಯಾಂಡ್‌ನವರು ಯಾವುದೋ ಸಿನಿಮಾ ಟ್ಯೂನ್ ಥರದ್ದನ್ನು ಬಾರಿಸಿದರು, ಮಕ್ಕಳು ಚಪ್ಪಾಳೆ ಹೊಡೆದರು. ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಆದರೆ ಒಂದು ವಿಷಯ ತಲೆಯಿಂದ ಹೋಗಲಿಲ್ಲ. ಆ ಸೆಪ್ಟೆಂಬರ್ ಬೆಳಿಗ್ಗೆ ಅಯೆಂದೆ ಅರಮನೆಗೆ ಬಂದಾಗ ಕಾವಲಿಗಿದ್ದದ್ದು ಇದೇ ಪಡೆ. ಹೊರಗೆ ಅವರ ಶಸ್ತ್ರಸಜ್ಜಿತ ವಾಹನಗಳೂ ನಿಂತಿದ್ದವು. ಅವರ ಮುಖ್ಯಸ್ಥರ ಸ್ಥಾನ ದಂಗೆಕೋರರ ಕಡೆಯವನ ಕೈಗೆ ಹೋಗಿದೆ ಅಂತ ಗೊತ್ತಾದ ಮೇಲೆ ಆ ವಾಹನಗಳು ಹೊರಟುಹೋದವು, ಕಾವಲಿನವರೂ ಜಾಗ ಖಾಲಿ ಮಾಡಿದರು. ಒಳಗೆ ಉಳಿದದ್ದು ಅಧ್ಯಕ್ಷರು, ಅವರ ಅಂಗರಕ್ಷಕರು, ವೈದ್ಯರು, ಕೆಲವು ಸಹೋದ್ಯೋಗಿಗಳು. ಕಾವಲು ಬದಲಾಯಿಸುವ ಸಂಭ್ರಮ ನೋಡುತ್ತಾ ಇದನ್ನು ನೆನೆಸಿಕೊಳ್ಳಬಾರದಿತ್ತೋ ಏನೋ.

ಚೌಕದ ಮೂಲೆಯಲ್ಲಿ ಅಯೆಂದೆ ಪ್ರತಿಮೆ ಇದೆ. 2000ದಲ್ಲಿ ನಿಲ್ಲಿಸಿದ್ದು. ಮೈಮೇಲೆ ಧ್ವಜ ಹೊದ್ದ ಹಾಗೆ ಮಾಡಿದ್ದಾರೆ, ಅದೇ ದಪ್ಪ ಕನ್ನಡಕ. ಪೀಠದ ಮೇಲೆ ಅವರ ಕೊನೆಯ ಭಾಷಣದ ಮಾತು: ಚಿಲಿಯ ಮೇಲೆ, ಅದರ ಮುಂದಿನ ದಿನಗಳ ಮೇಲೆ ನನಗೆ ನಂಬಿಕೆ ಇದೆ. 2022ರಲ್ಲಿ ಗೇಬ್ರಿಯಲ್ ಬೋರಿಕ್ ಅಧ್ಯಕ್ಷರಾದ ದಿನ ಕೆಂಪು ಹಾಸು ಬಿಟ್ಟು ನಡೆದು ಬಂದು ಈ ಪ್ರತಿಮೆಗೆ ತಲೆಬಾಗಿದ್ದರು. ಹೂವು ಇಟ್ಟವರು ಇದ್ದರು. ಮುಖ ತಿರುಗಿಸಿಕೊಂಡು ಹೋದವರೂ ಇದ್ದರು. ಚಿಲಿಯಲ್ಲಿ ಅಯೆಂದೆ ಹೆಸರು ಎತ್ತಿದರೆ ಊಟದ ಮೇಜು ಈಗಲೂ ಎರಡು ಭಾಗವಾಗುತ್ತದೆ ಅನ್ನುತ್ತಾರೆ ಭಾವ. ಆಫೀಸಿನಲ್ಲಿ ಅವರು ಈ ವಿಷಯಕ್ಕೆ ಬಾಯಿ ಹಾಕೋದೇ ಇಲ್ಲವಂತೆ. ಅಯೆಂದೆ ಕಾಲದಲ್ಲಿ ಸಂತೆಯಲ್ಲಿ ಸಾಮಾನು ಸಿಗುತ್ತಿರಲಿಲ್ಲ, ಬೆಲೆ ಸಿಕ್ಕಾಪಟ್ಟೆ ಏರಿತ್ತು, ಲಾರಿ ಮಾಲೀಕರು ಮುಷ್ಕರ ಮಾಡಿದ್ದರು. ಅದನ್ನು ಅನುಭವಿಸಿದವರ ಸಿಟ್ಟು ಸುಳ್ಳಲ್ಲ. ಅಮೆರಿಕದ ನಿಕ್ಸನ್ ಸರ್ಕಾರ ಆ ಆರ್ಥಿಕತೆಯ ಕತ್ತು ಹಿಸುಕಲು ಕೈಲಾದ್ದೆಲ್ಲ ಮಾಡಿತು ಅನ್ನೋದೂ ಸುಳ್ಳಲ್ಲ, ಅವರದೇ ಕಾಗದಪತ್ರಗಳು ಈಗ ಹೊರಗಿವೆ. ತಾಮ್ರದ ಗಣಿಗಳನ್ನು 1971ರಲ್ಲಿ ರಾಷ್ಟ್ರೀಕರಣ ಮಾಡಿದಾಗ ಮಾತ್ರ ಸಂಸತ್ತಿನಲ್ಲಿ ಒಬ್ಬರೂ ವಿರೋಧಿಸಿರಲಿಲ್ಲ.

ನಮ್ಮ ಸರದಿ ಬಂತು. ಪಾಸ್‌ಪೋರ್ಟ್ ನೋಡಿದರು, ಬ್ಯಾಗ್ ಸ್ಕ್ಯಾನ್ ಮಾಡಿದರು, ಕೊರಳಿಗೆ ಕಾರ್ಡ್ ಹಾಕಿದರು. ಗೈಡ್ ಒಬ್ಬ ಹುಡುಗ, ಸೂಟ್ ಹಾಕಿದ್ದ. ಗುಂಪಿನಲ್ಲಿ ಬ್ರೆಜಿಲ್‌ನವರು, ದಕ್ಷಿಣ ಚಿಲಿಯಿಂದ ಬಂದ ವಯಸ್ಸಾದ ದಂಪತಿ, ನಾವು.

ಒಳಗೆ ಹೋದ ತಕ್ಷಣ ಅನಿಸಿದ್ದು, ಇದು ತೊಟ್ಟಿ ಮನೆ! ಮಧ್ಯೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಕೋಣೆಗಳು, ಅದರ ಹಿಂದೆ ಇನ್ನೊಂದು ಅಂಗಳ. ಹೊರಗಿನಿಂದ ಸಪ್ಪೆಯಾಗಿ ಕಂಡಿದ್ದು ಒಳಗೆ ಬಂದ ಮೇಲೆ ಅರ್ಥವಾಯಿತು. ಈ ಕಟ್ಟಡ ಬೀದಿಗೆ ಮುಖ ತೋರಿಸೋಕೆ ಕಟ್ಟಿದ್ದಲ್ಲ, ತನ್ನೊಳಗೆ ತಾನು ಇರೋಕೆ ಕಟ್ಟಿದ್ದು. ಮೊದಲನೆಯದು ಫಿರಂಗಿಗಳ ಅಂಗಳ. ಹಸಿರುಗಟ್ಟಿದ ಕಂಚಿನ ಎರಡು ಹಳೆ ಫಿರಂಗಿ. ಪುಟ್ಟಿ ಬಾಯೊಳಗೆ ಕೈ ಹಾಕಲು ಹೋದಳು, ಗೈಡ್ ನಕ್ಕು ಬೇಡ ಅಂದ.

ಎರಡನೆಯದು ಕಿತ್ತಳೆ ಮರಗಳ ಅಂಗಳ. ಇಲ್ಲಿ ಸ್ವಲ್ಪ ಹೊತ್ತು ಇದ್ದೆವು. ಮರಗಳು ಸಾಲಾಗಿ ನಿಂತಿವೆ, ಬುಡಕ್ಕೆ ಸುಣ್ಣದ ಗೆರೆ ಏನಿಲ್ಲ, ಮಣ್ಣು ಸಡಿಲಿಸಿ ಚೊಕ್ಕವಾಗಿ ಇಟ್ಟಿದ್ದಾರೆ. ಕೆಲವು ಕಿತ್ತಳೆ ಎಲೆಯ ಮರೆಯಲ್ಲಿ, ಕೆಲವು ಕೆಳಗೆ. ಮಧ್ಯದ ಕಾರಂಜಿ 17ನೇ ಶತಮಾನದ್ದು, ಮೊದಲು ಪ್ಲಾಸಾ ದೆ ಆರ್ಮಾಸ್‌ನಲ್ಲಿತ್ತು. ಅಂದರೆ ಅರಮನೆಯೊಳಗಿನ ಅತಿ ಹಳೆಯ ವಸ್ತುಗಳಲ್ಲಿ ಒಂದು ಅರಮನೆಗಿಂತಲೂ ಹಳೆಯದು, ಬೇರೆ ಕಡೆಯಿಂದ ಹೊತ್ತು ತಂದದ್ದು. ಒಬ್ಬ ನೌಕರ ಫೈಲ್ ಎದೆಗೊತ್ತಿಕೊಂಡು ನಮ್ಮ ನಡುವೆಯೇ ಹಾದುಹೋದ, "ಪೆರ್ಮಿಸೋ" ಅಂತ ಹೇಳುತ್ತಾ. ಪಕ್ಕದ ಕಿಟಕಿಯಲ್ಲಿ ಯಾರೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. ಮ್ಯೂಸಿಯಂ ಅಲ್ಲ ಇದು, ಕೆಲಸ ನಡೆಯುತ್ತಿರುವ ಜಾಗ. 2000ದಲ್ಲಿ ಆಗಿನ ಅಧ್ಯಕ್ಷ ರಿಕಾರ್ದೊ ಲಾಗೋಸ್ ಈ ಅಂಗಳಗಳನ್ನು ಜನರಿಗೆ ತೆರೆದರು. ಆಗ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಸುಮ್ನೆ ನಡೆದುಹೋಗಬಹುದಿತ್ತಂತೆ. ಈಗ ಅಷ್ಟು ಸಲೀಸಿಲ್ಲ.

ನಾನು ಗೋಡೆಗಳನ್ನೇ ನೋಡುತ್ತಿದ್ದೆ. ಒಂದು ಬಿರುಕಿಲ್ಲ, ಒಂದು ಮಸಿ ಕಲೆ ಇಲ್ಲ. 1805ರಿಂದ ಹೀಗೇ ನಿಂತಿದೆ ಅಂತ ಯಾರಾದರೂ ಹೇಳಿದರೆ ನಂಬಬೇಕು, ಹಾಗಿದೆ. ಪುಟ್ಟಿ ಹತ್ತಿರ ಕೇಳಿಸಿದೆ, ಬೆಂಕಿ ಬಿದ್ದದ್ದು ಯಾವ ಕಡೆ ಅಂತ. ಗೈಡ್ ತಕ್ಷಣ ತಿರುಗಿ ಉತ್ತರದ ಭಾಗ ತೋರಿಸಿದ. ಅಲ್ಲಿಂದ ಹೇಳುತ್ತಾ ಹೋದ, ಪುಟ್ಟಿ ನಮಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಬೆಳಿಗ್ಗೆ ನೌಕಾಪಡೆ ವಾಲ್ಪರೈಸೊದಲ್ಲಿ ದಂಗೆ ಎದ್ದ ಸುದ್ದಿ ಕೇಳಿ ಅಯೆಂದೆ ಏಳೂವರೆ ಸುಮಾರಿಗೆ ಇಲ್ಲಿಗೆ ಬಂದರು. ಒಂಬತ್ತರ ನಂತರ ರೇಡಿಯೊ ಮಗಯಾನೆಸ್ ಮೂಲಕ ಕೊನೆಯ ಸಲ ಮಾತಾಡಿದರು. ಮಿಕ್ಕ ಸ್ಟೇಷನ್‌ಗಳನ್ನು ಸೇನೆ ಬಂದ್ ಮಾಡುತ್ತಾ ಬಂದಿತ್ತು. ದೇಶ ಬಿಟ್ಟು ಹೋಗಲು ವಿಮಾನ ಕೊಡುತ್ತೇವೆ ಅಂದರು ಸೇನೆಯವರು, ಅಯೆಂದೆ ಬೇಡ ಅಂದರು. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಹಾಕರ್ ಹಂಟರ್ ವಿಮಾನಗಳು ಬಂದವು.

ಹಂಟರ್ ಅಂದ ಕೂಡಲೇ ನನಗೆ ಬೇರೆ ಏನೋ ಹೊಳೆಯಿತು. ಬ್ರಿಟನ್ನಿನಲ್ಲಿ ತಯಾರಾದ ಇದೇ ವಿಮಾನ ನಮ್ಮ ವಾಯುಪಡೆಯಲ್ಲೂ ಇತ್ತು. 1971ರ ಡಿಸೆಂಬರ್‌ನಲ್ಲಿ ಲೋಂಗೇವಾಲಾದಲ್ಲಿ ಪಾಕಿಸ್ತಾನದ ಟ್ಯಾಂಕುಗಳನ್ನು ತಡೆದದ್ದು ಹಂಟರ್‌ಗಳೇ. ಅದಾಗಿ ಎರಡು ವರ್ಷವೂ ಕಳೆದಿರಲಿಲ್ಲ, ಅದೇ ಜಾತಿಯ ವಿಮಾನ ಇಲ್ಲಿ ತನ್ನದೇ ರಾಜಧಾನಿಯ ಮಧ್ಯೆ ರಾಕೆಟ್ ಬಿಟ್ಟಿತು.

ಬೆಂಕಿ ಹತ್ತಿತು. ಚಿಲಿಯ ಸ್ವಾತಂತ್ರ್ಯ ಘೋಷಣೆಯ ಮೂಲಪ್ರತಿ, 1818ರದ್ದು, ಈ ಅರಮನೆಯಲ್ಲೇ ಇತ್ತು. ಅವತ್ತೇ ನಾಶವಾಯಿತು. ಮಧ್ಯಾಹ್ನ ಎರಡರ ಹೊತ್ತಿಗೆ ಸೈನಿಕರು ಒಳಗೆ ನುಗ್ಗುತ್ತಿರುವಾಗ ಅಯೆಂದೆ ಜೊತೆಯಲ್ಲಿದ್ದವರನ್ನೆಲ್ಲ ಶರಣಾಗಲು ಕೆಳಗೆ ಕಳಿಸಿದರು. ತಾವು ಮಹಡಿಯ ಒಂದು ಕೋಣೆಗೆ ಹೋಗಿ ಗುಂಡು ಹಾರಿಸಿಕೊಂಡರು. ಕೊಂದರೋ, ತಾವೇ ಸತ್ತರೋ ಅಂತ ವರ್ಷಗಟ್ಟಲೆ ಜಗಳ ನಡೆಯಿತು. 2011ರಲ್ಲಿ ದೇಹ ಹೊರತೆಗೆದು ಪರೀಕ್ಷಿಸಿದ ಮೇಲೆ ಆತ್ಮಹತ್ಯೆ ಅಂತಲೇ ತಜ್ಞರು ಹೇಳಿದರು, ಕುಟುಂಬವೂ ಒಪ್ಪಿತು. ಆ ಕೋಣೆಗೆ ನಮ್ಮನ್ನು ಕರೆದುಕೊಂಡು ಹೋಗಲಿಲ್ಲ, ಮೇಲೆ ಸಭೆ ನಡೆಯುತ್ತಿತ್ತು. ಮೊರಾಂದೆ ಬೀದಿಯ ಕಡೆ ಅಂತ ಗೈಡ್ ಕೈ ತೋರಿಸಿದ.

ಈಗ ಬಾಗಿಲು. ಮೊರಾಂದೆ 80ರ ಬಾಗಿಲನ್ನು ಮಾಡಿಸಿದ್ದು 20ನೇ ಶತಮಾನದ ಶುರುವಿನಲ್ಲಿ, ಅಧ್ಯಕ್ಷರು ಬ್ಯಾಂಡು, ಸೆಲ್ಯೂಟು ಯಾವುದೂ ಇಲ್ಲದೆ ಸಾಮಾನ್ಯರ ಹಾಗೆ ಒಳಗೆ ಬಂದು ಹೋಗಲಿ ಅಂತ. ಅವತ್ತು ಒಳಗಿದ್ದವರು ಕೈ ಮೇಲೆತ್ತಿ ಹೊರಗೆ ಬಂದದ್ದು ಇಲ್ಲಿಂದಲೇ. ಅವರಲ್ಲಿ ಹಲವರು ಆಮೇಲೆ ಮನೆಗೆ ಮರಳಲೇ ಇಲ್ಲ. ಅಯೆಂದೆ ದೇಹವನ್ನು ಕಂಬಳಿಯಲ್ಲಿ ಸುತ್ತಿ ಅಗ್ನಿಶಾಮಕದವರು, ಸೈನಿಕರು ಸೇರಿ ಹೊತ್ತು ತಂದದ್ದೂ ಇಲ್ಲಿಂದಲೇ. ದಂಗೆಯ ನಂತರ ಅಧಿಕಾರ ಹಿಡಿದ ಸೇನಾ ಮುಖ್ಯಸ್ಥ ಪಿನೊಚೆಯ ಸರ್ಕಾರ ಅರಮನೆ ರಿಪೇರಿ ಮಾಡಿಸಿತು, 1981ರ ಮಾರ್ಚ್‌ನಲ್ಲಿ ಮುಗಿಯಿತು. ತೊಎಸ್ಕಾನ ಮೂಲ ನಕ್ಷೆಗೆ ಹತ್ತಿರ ತರುತ್ತೇವೆ ಅನ್ನುವ ಮಾತು. ಮೂಲ ನಕ್ಷೆಯಲ್ಲಿ ಈ ಬಾಗಿಲಿರಲಿಲ್ಲವಲ್ಲ, ಹಾಗಾಗಿ ಗೋಡೆ ಕಟ್ಟಿಬಿಟ್ಟರು. ಎಷ್ಟು ಅನುಕೂಲದ ಶುದ್ಧತೆ ಅಲ್ವಾ? 1930ರ ಸುಮಾರಿನ ದಕ್ಷಿಣದ ಮುಖ ಮೂಲದಲ್ಲಿರಲಿಲ್ಲ, ಅದನ್ನೇನೂ ಕೆಡವಲಿಲ್ಲ. ಬಾಗಿಲು ಮಾತ್ರ ಕಣ್ಣಿಗೆ ಚುಚ್ಚಿತು.

2003ರಲ್ಲಿ, ದಂಗೆಗೆ 30 ವರ್ಷ ತುಂಬಿದಾಗ, ಲಾಗೋಸ್ ಅದನ್ನು ಮತ್ತೆ ತೆರೆಸಿದರು. ಗುಂಪಿನಲ್ಲಿದ್ದ ವಯಸ್ಸಾದವರು ಇಲ್ಲಿ ಬಾಯಿ ಬಿಟ್ಟರು. ಅಷ್ಟು ಹೊತ್ತು ಒಂದು ಮಾತಾಡಿರಲಿಲ್ಲ. ಬಾಗಿಲಿಲ್ಲದ ವರ್ಷಗಳಲ್ಲೂ ಜನ ಆ ಗೋಡೆಯ ಬುಡಕ್ಕೆ ಹೂವು ಇಟ್ಟು ಹೋಗುತ್ತಿದ್ದರು ಅಂದರು. ಪುಟ್ಟಿ ಹೇಳುವ ಮೊದಲೇ ಅವರ ಹೆಂಡತಿ ಅವರ ತೋಳು ಜಗ್ಗಿದರು, ಸಾಕು ಬನ್ನಿ ಅನ್ನುವ ಹಾಗೆ. ಭಾವ ಹೇಳಿದ ಎರಡು ಭಾಗವಾಗುವ ಊಟದ ಮೇಜು ನನಗೆ ಅಲ್ಲೇ ಕಂಡಿತು.

ಹೊರಗೆ ಬಂದು ಮೋತೆ ಕೊನ್ ವೆಸಿಯೊ ಕುಡಿದೆವು. ಒಣಗಿಸಿದ ಪೀಚ್ ಹಣ್ಣನ್ನು ಸಕ್ಕರೆ ನೀರಿನಲ್ಲಿ ಬೇಯಿಸಿ ತಣ್ಣಗೆ ಮಾಡಿ, ತಳಕ್ಕೆ ಬೆಂದ ಗೋಧಿ ಹಾಕಿ ಚಮಚ ಸಮೇತ ಕೊಡುತ್ತಾರೆ. ಕುಡಿಯೋದೋ ತಿನ್ನೋದೋ ಅನ್ನುವಷ್ಟರಲ್ಲಿ ಖಾಲಿ.

ಮಂಗಳವಾರ

ಸೋಮವಾರ ಇಲ್ಲಿ ಮ್ಯೂಸಿಯಂಗಳಿಗೆ ರಜೆ, ಹಾಗಾಗಿ ನೆನಪು ಮತ್ತು ಮಾನವ ಹಕ್ಕುಗಳ ಮ್ಯೂಸಿಯಂ ಇವತ್ತಿಗೆ ಬಿತ್ತು. ಕಿಂತಾ ನೊರ್ಮಾಲ್ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ. 2010ರಲ್ಲಿ ಮಿಚೆಲ್ ಬ್ಯಾಚೆಲೆಟ್ ಅಧ್ಯಕ್ಷರಾಗಿದ್ದಾಗ ತೆರೆದದ್ದು. ಅವರ ತಂದೆ ವಾಯುಪಡೆಯ ಜನರಲ್, ದಂಗೆಗೆ ಸೇರಲಿಲ್ಲ ಅಂತ ಜೈಲಿಗೆ ಹಾಕಿ ಹಿಂಸಿಸಿದರು, 1974ರಲ್ಲಿ ಅಲ್ಲೇ ತೀರಿಕೊಂಡರು. ತಾಯಿಯನ್ನೂ ಮಗಳನ್ನೂ ಕೂಡಾ ಹಿಡಿದಿಟ್ಟಿದ್ದರು.

ಇತಿಹಾಸ ಮ್ಯೂಸಿಯಂ ಕನ್ನಡಕಕ್ಕೆ ನಿಂತಿತ್ತಲ್ಲ, ಈ ಮ್ಯೂಸಿಯಂ ಅದೇ ದಿನದಿಂದ ಶುರು. ಒಳಗೆ ಹೋದ ಕೂಡಲೇ ಪರದೆಯ ಮೇಲೆ ಅರಮನೆ ಉರಿಯುತ್ತಿದೆ. ಪಕ್ಕದಲ್ಲಿ ಹೆಡ್‌ಫೋನ್ ಹಾಕಿಕೊಂಡರೆ ಅಯೆಂದೆ ಕೊನೆಯ ಭಾಷಣ. ಭಾಷೆ ಬರದಿದ್ದರೂ ಪೂರ್ತಿ ಕೇಳಿದೆ. ನಾನು ಅಂದುಕೊಂಡ ಹಾಗೆ ಕೂಗಾಟ ಇಲ್ಲ, ಗಾಬರಿ ಇಲ್ಲ. ನಿಧಾನಕ್ಕೆ, ಒಂದೊಂದೇ ವಾಕ್ಯ. ಹಿಂದೆ ಏನೋ ಸದ್ದು.

17 ವರ್ಷದ ಸರ್ವಾಧಿಕಾರ. ಸರ್ಕಾರಿ ಆಯೋಗಗಳ ಲೆಕ್ಕದಲ್ಲೇ 3 ಸಾವಿರಕ್ಕೂ ಹೆಚ್ಚು ಜನ ಸತ್ತರು ಇಲ್ಲವೇ ಕಾಣೆಯಾದರು, ಜೈಲು, ಚಿತ್ರಹಿಂಸೆ ಎಲ್ಲಾ ಸೇರಿದರೆ 40 ಸಾವಿರದಷ್ಟು. ಅಂಕಿ ಓದಿ ಮುಂದೆ ಹೋಗಬಹುದು. ಮಹಡಿಯ ಗೋಡೆಯಲ್ಲಿರುವ ಫೋಟೊಗಳನ್ನು ಹಾಗೆ ದಾಟಿ ಹೋಗೋಕಾಗಲ್ಲ. ಮೇಲಿನಿಂದ ಕೆಳಗಿನವರೆಗೆ ಮುಖಗಳು, ಮದುವೆ ಫೋಟೊದಿಂದ ಕತ್ತರಿಸಿದ್ದು, ಕಾಲೇಜು ಐಡಿ ಕಾರ್ಡಿನದ್ದು, ನಗುತ್ತಿರುವುದು. ಕೆಲವು ಚೌಕಟ್ಟು ಖಾಲಿ. ಅರ್ಪಿಯೇರಾಗಳನ್ನೂ ಇಟ್ಟಿದ್ದಾರೆ. ಕಾಣೆಯಾದವರ ಮನೆಯ ಹೆಂಗಸರು ಚಿಂದಿ ಬಟ್ಟೆ ಹೊಲಿದು ಮಾಡಿದ ಚಿತ್ರಗಳು. ಒಂದರಲ್ಲಿ ಬೆಟ್ಟ, ಸೂರ್ಯ, ಮನೆ, ಮನೆ ಮುಂದೆ ಹೆಂಗಸರ ಸಾಲು, ಒಬ್ಬೊಬ್ಬರ ಕೈಯಲ್ಲೂ ಅಕ್ಕಿಕಾಳಿನಷ್ಟು ಅಕ್ಷರದಲ್ಲಿ, ಎಲ್ಲಿದ್ದಾರೆ ಅಂತ ಹೊಲಿದ ಚೀಟಿ. ಸೂರ್ಯನಿಗೆ ಹಳದಿ ನೂಲು ಸಾಲದೆ ಅರ್ಧಕ್ಕೆ ಕಿತ್ತಳೆ ನೂಲು ಹಾಕಿದ್ದಾರೆ. ಇವನ್ನು ಗುಟ್ಟಾಗಿ ಹೊರದೇಶಕ್ಕೆ ಕಳಿಸಿ ಮಾರುತ್ತಿದ್ದರು, ಒಳಗೆ ಏನು ನಡೆಯುತ್ತಿದೆ ಅಂತ ಹೊರಗಿನವರಿಗೆ ಗೊತ್ತಾಗುತ್ತಿದ್ದದ್ದು ಹೀಗೂ ಒಂದು ದಾರಿಯಲ್ಲಿ.

ಪುಟ್ಟಿಯನ್ನು ಕರೆತಂದಿರಲಿಲ್ಲ. ಒಳ್ಳೆಯದೇ ಆಯಿತು. ಅಕ್ಕ ಬರುವಾಗ ಮಾತಾಡಲಿಲ್ಲ, ಲಾ ವೆಗಾ ಮಾರ್ಕೆಟ್ಟಿಗೆ ಹೋದ ಮೇಲೆ ಬಟಾಣಿ ಬೆಲೆಯ ಚೌಕಾಸಿಯಲ್ಲಿ ಮತ್ತೆ ಮಾತು ಬಂತು. ರಾತ್ರಿ ಚಿತ್ರಾನ್ನ, ಬೆಣ್ಣೆಹಣ್ಣಿನ ಗೊಜ್ಜು. ಒಗ್ಗರಣೆಗೆ ಮೆರ್ಕೆನ್ ಹಾಕಿದ್ದಳು, ಇಲ್ಲಿನ ಮೂಲನಿವಾಸಿಗಳಾದ ಮಾಪುಚೆ ಜನ ಹೊಗೆಯಲ್ಲಿ ಒಣಗಿಸಿ ಕುಟ್ಟುವ ಮೆಣಸಿನ ಪುಡಿ. ಒಂದು ಪೊಟ್ಟಣ ಊರಿಗೆ ತಂದಿದ್ದೇನೆ.

ಬುಧವಾರ

ರಾತ್ರಿ ಫ್ಲೈಟ್. ಬೆಳಿಗ್ಗೆ ಉಳಿದದ್ದು ಎರಡು ಜಾಗ.

ಒಂದು, ಅರಮನೆಯ ಹಿಂಭಾಗದ ಹುಲ್ಲಿನ ಕೆಳಗಿರುವ ಸಾಂಸ್ಕೃತಿಕ ಕೇಂದ್ರ. 2006ರಲ್ಲಿ ತೆರೆದದ್ದು. ಇಳಿಜಾರಿನಲ್ಲಿ ನೆಲದೊಳಕ್ಕೆ ಇಳಿಯಬೇಕು, ಮೇಲಿನ ಬೆಳಕು ಕೆಳಗಿನ ದೊಡ್ಡ ಹಜಾರದವರೆಗೂ ಬರುತ್ತದೆ. ಕರಕುಶಲ ವಸ್ತುಗಳ ಅಂಗಡಿ ಚೆನ್ನಾಗಿದೆ, ಬೆಲೆ ಜಾಸ್ತಿ.

ಇನ್ನೊಂದು, ಅಲಮೇದಾದಲ್ಲೇ ಪೂರ್ವಕ್ಕೆ ನಡೆದರೆ ಸಿಗುವ, ಚಿಲಿಯ ಕವಯಿತ್ರಿ ಗಬ್ರಿಯೆಲಾ ಮಿಸ್ತ್ರಾಲ್ ಹೆಸರಿನ ಕೇಂದ್ರ. ದಾರಿಯಲ್ಲಿ ಸಾಂತಾ ಲುಸಿಯಾ ಗುಡ್ಡ. 1541ರಲ್ಲಿ ಪೆದ್ರೊ ದೆ ವಾಲ್ದಿವಿಯಾ ಈ ಊರನ್ನು ಶುರು ಮಾಡಿದ ಜಾಗ, ಹತ್ತಲು ಹದಿನೈದು ನಿಮಿಷ ಸಾಕು. ಮಿಸ್ತ್ರಾಲ್ ಕೇಂದ್ರ ನೋಡಲೇಬೇಕು ಅಂತ ನಾನು ಹಟ ಹಿಡಿದಿದ್ದೆ, ಯಾಕೆಂದರೆ ಲಾ ಮೊನೆದಾದ ಕಥೆಯ ಇನ್ನೊಂದು ತುಂಡು ಇಲ್ಲಿದೆ. 1972ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಸಮ್ಮೇಳನಕ್ಕೆ ಅಂತ ಅಯೆಂದೆ ಸರ್ಕಾರ 275 ದಿನದಲ್ಲಿ ಕಟ್ಟಿಸಿದ ಕಟ್ಟಡ. ಸಮ್ಮೇಳನ ಮುಗಿದ ಮೇಲೆ ಜನರಿಗೆ ಬಿಟ್ಟರು, ಕೆಳಗಿನ ದೊಡ್ಡ ಊಟದ ಹಾಲ್‌ನಲ್ಲಿ ಯಾರು ಬೇಕಾದರೂ ಬಂದು ಕಡಿಮೆ ಬೆಲೆಗೆ ಉಣ್ಣಬಹುದಿತ್ತು. ಮರುವರ್ಷ ಅರಮನೆ ಸುಟ್ಟುಹೋಯಿತಲ್ಲ, ಸುಟ್ಟವರಿಗೆ ಕೂರಲು ಜಾಗ ಬೇಕಾಯಿತು. ಬಂದು ಕೂತಿದ್ದು ಇಲ್ಲೇ. ಹೆಸರು ಬದಲಾಯಿಸಿದರು, ಬೇಲಿ ಹಾಕಿದರು, 1981ರವರೆಗೂ ಇಲ್ಲಿಂದಲೇ ಆಳಿದರು. 2006ರಲ್ಲಿ ಬೆಂಕಿ ಬಿದ್ದು ದೊಡ್ಡ ಭಾಗ ಹಾಳಾಯಿತು, 2010ರಲ್ಲಿ ಕವಯಿತ್ರಿಯ ಹೆಸರು ಮತ್ತೆ ಬಂದು ಕಲಾ ಕೇಂದ್ರವಾಯಿತು.

ನಾವು ಹೋದಾಗ ಗಾಜಿನ ಗೋಡೆಯನ್ನು ಕನ್ನಡಿ ಮಾಡಿಕೊಂಡು ಹುಡುಗ ಹುಡುಗಿಯರು ಡ್ಯಾನ್ಸ್ ಪ್ರಾಕ್ಟೀಸ್ ಮಾಡುತ್ತಿದ್ದರು. ಕೊರಿಯಾದ ಹಾಡು, ಪುಟ್ಟಿಗೆ ಬಾಯಿಪಾಠ. ಅರ್ಧ ಗಂಟೆ ಅಲ್ಲಿಂದ ಏಳಲಿಲ್ಲ ಅವಳು.

ಹೋಗುವವರಿಗೆ ಎರಡು ಮಾತು. ಅರಮನೆ ಒಳಗೆ ನೋಡಬೇಕಿದ್ದರೆ ವಿಮಾನದ ಟಿಕೆಟ್ ಆದ ಕೂಡಲೇ ಬುಕ್ ಮಾಡಿ, ಅಲ್ಲಿಗೆ ಹೋದ ಮೇಲೆ ಮಾಡಿಕೊಳ್ಳೋಣ ಅಂತ ಬಿಡಬೇಡಿ. ಪಾಸ್‌ಪೋರ್ಟ್ ಜೆರಾಕ್ಸ್ ಅಲ್ಲ, ಅಸಲಿಯೇ ಒಯ್ಯಿರಿ. ಗಾರ್ಡ್ ಬದಲಾವಣೆ ಯಾವ ದಿನ ಅಂತ ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಗೈಡ್ ಕುರ್ಚಿ ಮೇಜುಗಳ ಬಗ್ಗೆ ಹೇಳುತ್ತಿದ್ದರೆ ಸುಮ್ಮನಿರಬೇಡಿ, 1973ರ ಬಗ್ಗೆ ಕೇಳಿ. ಕೇಳಿದರೆ ಹೇಳುತ್ತಾರೆ. ಮತ್ತೆ ಹುಣಸೆಹಣ್ಣು ಒಯ್ಯೋದಾದರೆ ಬೀಜ ತೆಗೆದ ಪೇಸ್ಟ್ ಒಯ್ಯಿರಿ, ಫಾರಂನಲ್ಲಿ ಬರೆಯೋದು ಮಾತ್ರ ಮರೀಬೇಡಿ.